ರೀಮಾಸ್ಟರ್ ಅಂದರೆ ಬಾಬ್ ಮಾರ್ಲಿ ಹಾಡಿಗೆ ಹೊಸ ಗಿಟಾರ್ ಸೇರಿಸೋದಾ?

ಓದುಗರ ಪ್ರಶ್ನೆ: ಜಮೈಕಾದ ರೆಗೇ ಗಾಯಕ ಬಾಬ್ ಮಾರ್ಲಿ ತೀರಿಕೊಂಡಿದ್ದು 1981ರಲ್ಲಿ. ಅವರ ಹಳೇ ಆಲ್ಬಂಗಳು ‘ರೀಮಾಸ್ಟರ್’, ‘ಡಿಲಕ್ಸ್ ಎಡಿಷನ್’ ಅಂತ ಇನ್ನೂ ಬರ್ತಾನೇ ಇವೆ. ಇವುಗಳಲ್ಲಿ ಹೊಸ ವಾದ್ಯ ಸೇರಿಸಿ ಹಾಡನ್ನೇ ಬದಲಾಯಿಸಿರ್ತಾರೆ ಅಂತಾರೆ. ಹೊಸದಾಗಿ ಕೇಳುವವರು ಯಾವುದನ್ನು ಕೇಳಬೇಕು?

ಉತ್ತರ: ಯಾವುದು ಸುಲಭವಾಗಿ ಸಿಗುತ್ತೋ ಅದನ್ನೇ ಕೇಳಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಅದರ ನಡುವೆ ಒಂದು ‘ಅಂತಾರೆ’ ಇದೆಯಲ್ಲ, ಅದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಇವತ್ತು ಅದನ್ನು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಸ್ಟುಡಿಯೋದಲ್ಲಿ ದನಿ, ಡ್ರಮ್ಸ್, ಬಾಸ್, ಗಿಟಾರ್ ಎಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಆಗುತ್ತವೆ. ಆಮೇಲೆ ಅವನ್ನು ಹದವಾಗಿ ಬೆರೆಸಿ ಎರಡೇ ಟ್ರ್ಯಾಕಿನ ಟೇಪಿಗೆ ಇಳಿಸುತ್ತಾರೆ. ಅದು ಮಿಕ್ಸ್. ರೀಮಾಸ್ಟರ್ ಮಾಡುವವರು ಸಾಮಾನ್ಯವಾಗಿ ಮುಟ್ಟುವುದು ಈ ಕೊನೆಯ ಟೇಪನ್ನು ಮಾತ್ರ. ಹಳೇ ಟೇಪನ್ನು ಹುಷಾರಾಗಿ ಓಡಿಸಿ, ಮಂದ್ರ ಎಷ್ಟಿರಬೇಕು, ತಾರ ಎಷ್ಟಿರಬೇಕು, ಒಟ್ಟು ದನಿ ಎಷ್ಟು ಜೋರಿರಬೇಕು ಅಂತ ನೋಡುತ್ತಾರೆ. ಬಿಸಿಬೇಳೆಬಾತ್ ಆದ ಮೇಲೆ ಉಪ್ಪು, ತುಪ್ಪ ಸರಿ ಮಾಡಬಹುದು, ಬೇಳೆ ಬದಲಾಯಿಸೋಕಾಗಲ್ಲ. ಕೆಟ್ಟ ರೀಮಾಸ್ಟರ್‌ಗಳೂ ಇವೆ, ಒಪ್ಪುತ್ತೇನೆ. ಸುಮ್ನೆ ಜೋರು ಮಾಡಿ ಕಿವಿ ನೋಯಿಸುತ್ತವೆ. ಹಾಗಂತ ಅವುಗಳಲ್ಲೂ ಹೊಸ ಗಿಟಾರ್ ಇರುವುದಿಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ನನಗನಿಸುವಂತೆ ಮೂಲ ‘ಕ್ಯಾಚ್ ಎ ಫೈರ್’ ಅನ್ನೋ ಆಲ್ಬಂ. ಅಲ್ಲಿ ನಡೆದದ್ದೇ ಇದಕ್ಕೆ ಪೂರ್ತಿ ಉಲ್ಟಾ.

1972ರಲ್ಲಿ ಮಾರ್ಲಿಯವರ ವೇಲರ್ಸ್ ತಂಡ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಈ ಆಲ್ಬಂನ ಹಾಡುಗಳನ್ನು ರೆಕಾರ್ಡ್ ಮಾಡಿತು. ಮಾರ್ಲಿ ಜೊತೆ ಹಾಡುತ್ತಿದ್ದ ಪೀಟರ್ ಟಾಶ್, ಬನ್ನಿ ವೇಲರ್ ಇಬ್ಬರೂ ಆಗಿನ್ನೂ ತಂಡದಲ್ಲಿದ್ದರು. ಟೇಪುಗಳು ಲಂಡನ್ನಿಗೆ ಹೋದವು. ಆಲ್ಬಂ ಹೊರತರುತ್ತಿದ್ದ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್‌ಗೆ ಇದನ್ನು ರಾಕ್ ಕೇಳುವ ಜನರಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ಅಮೆರಿಕದ ಅಲಬಾಮಾ ಕಡೆಯ ವೇಯ್ನ್ ಪರ್ಕಿನ್ಸ್ ಕೈಲಿ ಗಿಟಾರ್, ಟೆಕ್ಸಾಸ್‌ನ ಜಾನ್ ಬಂಡ್ರಿಕ್ ಕೈಲಿ ಕೀಬೋರ್ಡ್ ನುಡಿಸಿ ಸೇರಿಸಿದರು. ಮಾರ್ಲಿ ಆಗ ಲಂಡನ್ನಿನಲ್ಲೇ ಇದ್ದರು. ಅವರಿಗೆ ಗೊತ್ತಿದ್ದೇ ಆದ ಕೆಲಸ ಇದು. ಆಲ್ಬಂ 1973ರಲ್ಲಿ ಹೊರಬಂತು. ‘ಹಳೇ ಒರಿಜಿನಲ್’ ಅಂತ ನಾವು ಹೇಳೋದು ಇದನ್ನೇ, ಅಲ್ವಾ?

ಏನೂ ಸೇರಿಸದ ಜಮೈಕಾದ ಮಿಕ್ಸ್ ಆಲ್ಬಂ ರೂಪದಲ್ಲಿ ಜನರ ಕೈಗೆ ಬಂದದ್ದು 2001ರ ಡಿಲಕ್ಸ್ ಎಡಿಷನ್‌ನಲ್ಲಿ. 1973ರಲ್ಲಿ ಕೈಬಿಟ್ಟಿದ್ದ ಎರಡು ಹಾಡುಗಳೂ ಅದರಲ್ಲಿವೆ. ಅಂದರೆ ವಾದ್ಯ ಸೇರಿಸಿದ್ದು ಮಾರ್ಲಿ ಬದುಕಿದ್ದಾಗ. ಸೇರಿಸುವ ಮೊದಲು ಹಾಡು ಹೇಗಿತ್ತು ಅಂತ ತೋರಿಸಿದ್ದು ಅವರು ಹೋದ ಮೇಲೆ ಬಂದ ಮರುಬಿಡುಗಡೆ.

ನನ್ನ ಮಾತು ನಂಬಬೇಡಿ, ನೀವೇ ಕೇಳಿ ನೋಡಿ. ‘ಕಾಂಕ್ರೀಟ್ ಜಂಗಲ್’ ಹಾಡನ್ನು ಎರಡೂ ರೂಪದಲ್ಲಿ ಒಂದಾದ ಮೇಲೊಂದು ಹಾಕಿ. ಲಂಡನ್ ರೂಪದಲ್ಲಿ ನಡುವೆ ಗಿಟಾರ್ ಸೋಲೋ ಏಳುತ್ತದೆ. ಒಂದು ಸ್ವರ ಎಳೆದುಕೊಂಡು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಜಮೈಕಾ ರೂಪದಲ್ಲಿ ಅದು ಇಲ್ಲವೇ ಇಲ್ಲ. ಹಾಡು ಬಾಸ್, ಡ್ರಮ್ಸ್ ಮೇಲೆ ಒರಟಾಗಿ ನಡೆಯುತ್ತದೆ, ಮೂವರ ದನಿ ಕಿವಿಗೆ ಹತ್ತಿರ ಬರುತ್ತದೆ. ನನಗೆ ಈ ಎರಡನೆಯದೇ ಜಾಸ್ತಿ ಇಷ್ಟ. ಹಾಗಂತ ಮೊದಲನೆಯದು ಸುಳ್ಳಲ್ಲ.

ಹಾಡನ್ನು ನಿಜಕ್ಕೂ ಬದಲಾಯಿಸಿರುವ ಮರುಬಿಡುಗಡೆಗಳೂ ಇವೆ. 2017ರ ‘ಎಕ್ಸೋಡಸ್ 40’ಕ್ಕೆ ಮಗ ಝಿಗ್ಗಿ, 2018ರ ‘ಕಾಯಾ 40’ಕ್ಕೆ ಇನ್ನೊಬ್ಬ ಮಗ ಸ್ಟೀಫನ್ ಹೊಸ ರೂಪ ಕೊಟ್ಟರು. ಅದನ್ನು ಮುಚ್ಚಿಟ್ಟಿಲ್ಲ, ಹಳೇ ಆಲ್ಬಮ್ಮನ್ನೂ ಜೊತೆಗೇ ಕೊಟ್ಟಿದ್ದಾರೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ರೀಮಾಸ್ಟರ್ ಬಗ್ಗೆ ಇಷ್ಟು ಅನುಮಾನ ಪಡುವ ನಾವು ‘ಲೆಜೆಂಡ್’ ಬಗ್ಗೆ ಯಾಕೆ ಸುಮ್ಮನಿರುತ್ತೇವೆ? 1984ರಲ್ಲಿ ಬಂದ ಈ ಸಂಗ್ರಹದಿಂದಲೇ ಎಷ್ಟೋ ಜನರಿಗೆ ಮಾರ್ಲಿ ಪರಿಚಯ. ಒಳ್ಳೇ ಹಾಡುಗಳೇ, ಸಂಶಯವಿಲ್ಲ. ಆದರೆ ‘ಎಕ್ಸೋಡಸ್’ ಒಂದರಿಂದಲೇ ಐದು ಹಾಡು ತೆಗೆದುಕೊಂಡು, 1979ರ ‘ಸರ್ವೈವಲ್’ನಿಂದ ಒಂದನ್ನೂ ತೆಗೆದುಕೊಂಡಿಲ್ಲ. 1976ರ ‘ರಾಸ್ತಮನ್ ವೈಬ್ರೇಷನ್’ನಿಂದಲೂ ಇಲ್ಲ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಆಡಿದ ಮಾತುಗಳನ್ನೇ ಹಾಡಾಗಿಸಿದ ‘ವಾರ್’ ಇರುವುದು ಅದರಲ್ಲೇ. ಪ್ರೀತಿ, ಸಮಾಧಾನದ ಮಾರ್ಲಿ ಒಳಗೆ ಬಂದರು. ಸಿಟ್ಟಿನ, ಆಫ್ರಿಕಾದ ಮಾರ್ಲಿ ಬಹುಪಾಲು ಹೊರಗೇ ಉಳಿದರು. ಹೊಸ ಕೇಳುಗರಿಗೆ ನಿಜವಾಗಿ ನಷ್ಟ ಆಗೋದು ಇಲ್ಲಿ.

‘ಲೆಜೆಂಡ್’ ಕೇಳಿ ಮುಗಿಸಿದವರು ಮುಂದೆ ‘ಸರ್ವೈವಲ್’ ಪೂರ್ತಿ ಕೇಳಿ, ಯಾವ ವರ್ಷದ ರೀಮಾಸ್ಟರ್ ಆದರೂ ಸರಿ. ಅದರಲ್ಲಿ ‘ಝಿಂಬಾಬ್ವೆ’ ಅಂತ ಒಂದು ಹಾಡಿದೆ. ಮಾರ್ಲಿ ಅದನ್ನು ಬರೆದಾಗ ಆ ದೇಶಕ್ಕಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ಬಂದಾಗ, ಆ ಸಮಾರಂಭದಲ್ಲಿ ಹಾಡಲು ಅವರೇ ಅಲ್ಲಿಗೆ ಹೋಗಿದ್ದರು.