ಬೇಸಲ್ ಗ್ಯಾಂಗ್ಲಿಯಾ: ಎರಡು ಮೈನಸ್ ಸೇರಿ ಪ್ಲಸ್ ಆಗೋದು ಹೇಗೆ?

ನ್ಯೂರೋಅನಾಟಮಿಯಲ್ಲಿ (ನರಮಂಡಲದ ರಚನೆಯ ಪಾಠದಲ್ಲಿ) ಬೇಸಲ್ ಗ್ಯಾಂಗ್ಲಿಯಾ ಬಂತು ಅಂದರೆ ಅರ್ಧ ತರಗತಿ ಬಾಯಿಪಾಠಕ್ಕೆ ಇಳಿಯುತ್ತದೆ. ಇದು ಮಿದುಳಿನ ಆಳದಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ನರಕೋಶಗಳ ಗುಂಪು, ಇದರೊಳಗೆ ಸಂಕೇತ ಸಾಗಲು ಎರಡು ಮುಖ್ಯ ದಾರಿ. ಡೈರೆಕ್ಟ್ ದಾರಿ ಅಂದರೆ ಚಲನೆ ಜಾಸ್ತಿ, ಇಂಡೈರೆಕ್ಟ್ ದಾರಿ ಅಂದರೆ ಚಲನೆ ಕಡಿಮೆ. ಇಷ್ಟಕ್ಕೇ ಅಂಕ ಸಿಗಬಹುದು. ಆದರೆ ಪ್ರಶ್ನೆ ಸ್ವಲ್ಪ ತಿರುಗಿದರೆ ಬಾಯಿಪಾಠ ಕೈಕೊಡುತ್ತದೆ. ಈ ಗುಂಪಿನದೇ ಒಂದು ಭಾಗವಾದ ಸಬ್‌ಥಾಲಮಿಕ್ ನ್ಯೂಕ್ಲಿಯಸ್‌ಗೆ ಸ್ಟ್ರೋಕ್ ಆದರೆ ಕೈ ಬಿಗಿಯುತ್ತದೋ, ಎಸೆದಾಡುತ್ತದೋ? ಯಾವ ಕೈ? ಇಂಥ ಪ್ರಶ್ನೆಗೆ ಕಾಗದದ ಮೇಲೆ ಗೆರೆ ಎಳೆದು ಉತ್ತರ ತೆಗೆಯುವ ದಾರಿ ಈಗಷ್ಟೇ ಕೈಗೆ ಹತ್ತಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಯಾರ್ಯಾರಿದ್ದಾರೆ

ಇದನ್ನು ಬೇಗ ಮುಗಿಸೋಣ, ಹೆಸರುಗಳು ಪುಸ್ತಕದಲ್ಲಿ ಇದ್ದೇ ಇವೆ. ಕಾಡೇಟ್ ಮತ್ತು ಪುಟಾಮೆನ್ ಸೇರಿ ಸ್ಟ್ರಯೇಟಮ್. ಕಾರ್ಟೆಕ್ಸ್‌ನಿಂದ, ಅಂದರೆ ಮಿದುಳಿನ ಹೊರಪದರದಿಂದ, ಬರುವ ಮಾಹಿತಿ ಹೆಚ್ಚಾಗಿ ಇಲ್ಲಿಗೇ ಬಂದು ಸೇರುತ್ತದೆ. ಗ್ಲೋಬಸ್ ಪ್ಯಾಲಿಡಸ್‌ನ ಹೊರಭಾಗ ಜಿಪಿಇ, ಒಳಭಾಗ ಜಿಪಿಐ. ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಅಂದರೆ ಎಸ್‌ಟಿಎನ್. ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೆ ಎರಡು ಭಾಗ. ಕಾಂಪ್ಯಾಕ್ಟಾ ಸ್ಟ್ರಯೇಟಮ್‌ಗೆ ಡೋಪಮಿನ್ ಎಂಬ ಸಂದೇಶ ರಾಸಾಯನಿಕ ಕಳಿಸುತ್ತದೆ. ರೆಟಿಕ್ಯುಲಾಟಾ ಮಾಡುವ ಕೆಲಸ ಜಿಪಿಐ ಮಾಡುವ ಕೆಲಸವೇ. ಈ ಇಡೀ ಜಾಲದ ಬಾಗಿಲು ಜಿಪಿಐ ಮತ್ತು ರೆಟಿಕ್ಯುಲಾಟಾ. ಅಲ್ಲಿಂದ ಮಿದುಳಿನ ನಡುವಿನ ಸಂಕೇತ ಕೇಂದ್ರವಾದ ಥಾಲಮಸ್‌ಗೆ, ಥಾಲಮಸ್‌ನಿಂದ ವಾಪಸ್ ಕಾರ್ಟೆಕ್ಸ್‌ಗೆ.

ಬೇಸಲ್ ಗ್ಯಾಂಗ್ಲಿಯಾದ ಒಳಗೆ ಗ್ಲುಟಮೇಟ್ ಎಂಬ ರಾಸಾಯನಿಕ ಬಳಸಿ ಮುಂದಿನವರನ್ನು ಎಬ್ಬಿಸುವುದು ಎಸ್‌ಟಿಎನ್ ಒಂದೇ. ಸ್ಟ್ರಯೇಟಮ್, ಜಿಪಿಇ, ಜಿಪಿಐ, ರೆಟಿಕ್ಯುಲಾಟಾ ಎಲ್ಲವೂ ಗಾಬಾ ಎಂಬ ಇನ್ನೊಂದು ರಾಸಾಯನಿಕ ಬಿಟ್ಟು ಮುಂದಿನವರನ್ನು ಸುಮ್ಮನಾಗಿಸುತ್ತವೆ. ಈ ಎರಡು ಸಾಲು ನೆನಪಿದ್ದರೆ ಮುಂದಿನದ್ದು ಬರೀ ಲೆಕ್ಕ.

ಕಷ್ಟ ಇರೋದು ಇಲ್ಲಿ

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಡೈರೆಕ್ಟ್ ದಾರಿ. ಹೆಸರೇ ಡೈರೆಕ್ಟ್, ಕೆಲಸ ಚಲನೆಗೆ ಸಹಾಯ. ಆದರೆ ದಾರಿಯುದ್ದಕ್ಕೂ ಎಬ್ಬಿಸುವ ಕೊಂಡಿಯೇ ಇಲ್ಲ. ಸ್ಟ್ರಯೇಟಮ್ ಜಿಪಿಐಯನ್ನು ಅದುಮುತ್ತದೆ, ಜಿಪಿಐ ಥಾಲಮಸ್ಸನ್ನು ಅದುಮುತ್ತದೆ. ಎರಡೂ ಅದುಮುವವೇ. ಹಾಗಿದ್ದರೆ ಚಲನೆ ಎಲ್ಲಿಂದ ಬಂತು? ಪುಸ್ತಕಗಳು 'ಡಿಸ್‌ಇನ್‌ಹಿಬಿಷನ್' ಎಂದು ಒಂದೇ ಪದ ಬರೆದು ಮುಂದೆ ಹೋಗುತ್ತವೆ. ಮೈನಸ್ ಗುಣಿಸು ಮೈನಸ್ ಪ್ಲಸ್ ಅನ್ನೋದು ಗಣಿತದಲ್ಲಿ ಸರಿ. ನರಕೋಶಕ್ಕೆ ಗಣಿತ ಗೊತ್ತಿಲ್ಲ ಅಲ್ವಾ?

ಉತ್ತರ ಇರುವುದು ಒಂದು ಸಣ್ಣ ವಿಷಯದಲ್ಲಿ. ಜಿಪಿಐ ನರಕೋಶಗಳು ಸುಮ್ಮನಿರುವುದೇ ಇಲ್ಲ. 1971ರಲ್ಲಿ ಮಾಹ್ಲನ್ ಡಿಲಾಂಗ್ ಎಚ್ಚರವಿರುವ ಕೋತಿಗಳ ಗ್ಲೋಬಸ್ ಪ್ಯಾಲಿಡಸ್‌ನಿಂದ ನೇರವಾಗಿ ರೆಕಾರ್ಡ್ ಮಾಡಿದರು. ಕೋತಿ ಸುಮ್ನೆ ಕೂತಿದ್ದರೂ ಜಿಪಿಐ ನರಕೋಶಗಳು ಎಡೆಬಿಡದೆ ಸಿಡಿಯುತ್ತಿದ್ದವು, ಅಂದರೆ ವಿದ್ಯುತ್ ಸಂಕೇತ ಕಳಿಸುತ್ತಿದ್ದವು. ಇವುಗಳ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 60ರಿಂದ 80 ಬಾರಿ. ಅಂದರೆ ನಾವು ಏನೂ ಮಾಡದೆ ಕೂತಾಗಲೂ ಥಾಲಮಸ್ ಮೇಲೆ ಗಾಬಾ ಸುರಿಯುತ್ತಲೇ ಇರುತ್ತದೆ. ಸ್ಟ್ರಯೇಟಮ್‌ನ ಮೀಡಿಯಂ ಸ್ಪೈನಿ ನರಕೋಶಗಳು ಇದಕ್ಕೆ ಪೂರ್ತಿ ಉಲ್ಟಾ. ಅವು ಬಹುಪಾಲು ಹೊತ್ತು ಮೌನ. ಕಾರ್ಟೆಕ್ಸ್‌ನ ಹಲವು ಕಡೆಯಿಂದ ಒಟ್ಟಿಗೆ ಒತ್ತಡ ಬಂದಾಗ ಮಾತ್ರ ಸಿಡಿಯುತ್ತವೆ.

ಈಗ ಎರಡನ್ನೂ ಜೋಡಿಸಿ. ಮೌನವಾಗಿದ್ದ ಸ್ಟ್ರಯೇಟಮ್ ಕೋಶ ಒಮ್ಮೆ ಸಿಡಿಯಿತು. ಸದಾ ಸಿಡಿಯುತ್ತಿದ್ದ ಜಿಪಿಐ ಕೋಶ ಒಂದು ಕ್ಷಣ ನಿಂತಿತು. ಆ ಕ್ಷಣ ಥಾಲಮಸ್ ಮೇಲಿನ ಅದುಮು ಇಲ್ಲ. ಥಾಲಮಸ್‌ಗೆ ಕಾರ್ಟೆಕ್ಸ್‌ನಿಂದ ಮೊದಲೇ ಉತ್ತೇಜನ ಬರುತ್ತಿತ್ತು, ಅದು ಈಗ ಕೆಲಸ ಮಾಡಿತು. ಕೆರೆಯ ತೂಬು ಎತ್ತಿದ ಹಾಗೆ. ತೂಬು ಎತ್ತುವವನು ನೀರನ್ನು ತಳ್ಳುವುದಿಲ್ಲ, ನೀರು ಒತ್ತುತ್ತಾ ನಿಂತಿರುತ್ತದೆ, ಅವನು ದಾರಿ ಬಿಡುತ್ತಾನೆ ಅಷ್ಟೇ.

ಆದ್ದರಿಂದ ಚಿಹ್ನೆಗಳನ್ನು ಗುಣಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು. ಮಧ್ಯದಲ್ಲಿರುವ ಕೋಶ ಸುಮ್ಮನಿರುವಾಗಲೂ ಮಾತಾಡುತ್ತಿತ್ತಾ? ಮಾತಾಡುತ್ತಿದ್ದರೆ ಮಾತ್ರ ಅದರ ಬಾಯಿ ಮುಚ್ಚಿಸುವುದಕ್ಕೆ ಅರ್ಥ. ಮೊದಲೇ ಮೌನವಾಗಿದ್ದ ಕೋಶವನ್ನು ಅದುಮಿದರೆ ಮುಂದಿನವರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಮೈನಸ್ ಮೈನಸ್ ಪ್ಲಸ್ ಆಗುವುದು ಜಿಪಿಐ, ಜಿಪಿಇ, ಎಸ್‌ಟಿಎನ್ ಮೂರೂ ಸದಾ ಚುರುಕಾಗಿರುವುದರಿಂದ. ನನ್ನ ಪ್ರಕಾರ ಇಡೀ ಅಧ್ಯಾಯದ ಬೀಗದ ಕೈ ಇದೇ. ಇದನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಇದು ನಿಜವಾಗಿ ನಡೆಯುವುದನ್ನು ಕಣ್ಣಿನ ಚಲನೆಯಲ್ಲಿ ತುಂಬಾ ಚೆನ್ನಾಗಿ ನೋಡಬಹುದು. 1983ರಲ್ಲಿ ಹಿಕೊಸಾಕಾ ಮತ್ತು ವುರ್ಟ್ಸ್ ಕೋತಿಗಳ ರೆಟಿಕ್ಯುಲಾಟಾದಿಂದ ರೆಕಾರ್ಡ್ ಮಾಡಿದರು. ಕೋತಿ ಒಂದು ಚುಕ್ಕೆಯನ್ನು ದಿಟ್ಟಿಸುತ್ತಿರುವಾಗ ರೆಟಿಕ್ಯುಲಾಟಾ ಕೋಶ ಬಿಡದೆ ಸಿಡಿಯುತ್ತದೆ. ಕಣ್ಣು ಪಕ್ಕದ ಚುಕ್ಕೆಗೆ ಜಿಗಿಯುವುದಕ್ಕೆ ತುಸು ಮುಂಚೆ ಆ ಸದ್ದು ಕಡಿದುಹೋಗುತ್ತದೆ. ಆಗಲೇ ರೆಟಿಕ್ಯುಲಾಟಾ ಅದುಮಿ ಹಿಡಿದಿದ್ದ, ಕಣ್ಣು ಹೊರಳಿಸುವ ಸುಪೀರಿಯರ್ ಕಾಲಿಕ್ಯುಲಸ್ ಕೋಶಗಳು ಜೋರಾಗಿ ಸಿಡಿಯುತ್ತವೆ, ಕಣ್ಣು ಹೊರಳುತ್ತದೆ. ಒಂದು ಗ್ರಾಫ್‌ನಲ್ಲಿ ಗೆರೆಗಳು (ಒಂದು ಸಿಡಿತಕ್ಕೆ ಒಂದು ಗೆರೆ) ಖಾಲಿಯಾಗುವ ಜಾಗವೇ ಇನ್ನೊಂದರಲ್ಲಿ ಗೆರೆಗಳು ಗಿಜಿಗುಡುವ ಜಾಗ. ಈ ಎರಡನ್ನೂ ಒಂದರ ಕೆಳಗೆ ಒಂದಿಟ್ಟು ಬಿಡಿಸಿಕೊಳ್ಳಿ. ಡಿಸ್‌ಇನ್‌ಹಿಬಿಷನ್ ಮತ್ತೆ ಮರೆಯುವುದಿಲ್ಲ.

ಚಿಹ್ನೆ ಲೆಕ್ಕ

ಡೈರೆಕ್ಟ್ ದಾರಿಯಲ್ಲಿ ಸ್ಟ್ರಯೇಟಮ್‌ನಿಂದ ಜಿಪಿಐ ಮೈನಸ್, ಜಿಪಿಐನಿಂದ ಥಾಲಮಸ್ ಮೈನಸ್. ಎರಡು ಮೈನಸ್, ಉತ್ತರ ಪ್ಲಸ್.

ಇಂಡೈರೆಕ್ಟ್ ದಾರಿ ಸ್ವಲ್ಪ ಸುತ್ತು. ಸ್ಟ್ರಯೇಟಮ್‌ನಿಂದ ಜಿಪಿಇ ಮೈನಸ್. ಜಿಪಿಇನಿಂದ ಎಸ್‌ಟಿಎನ್ ಮೈನಸ್. ಎಸ್‌ಟಿಎನ್‌ನಿಂದ ಜಿಪಿಐ ಪ್ಲಸ್. ಜಿಪಿಐನಿಂದ ಥಾಲಮಸ್ ಮೈನಸ್. ಮೂರು ಮೈನಸ್, ಉತ್ತರ ಮೈನಸ್. ಅಷ್ಟೇ. ಮೈನಸ್‌ಗಳ ಸಂಖ್ಯೆ ಸಮ ಆದರೆ ಚಲನೆಗೆ ದಾರಿ, ಬೆಸ ಆದರೆ ತಡೆ.

ಮೂರನೆಯದು ಹೈಪರ್‌ಡೈರೆಕ್ಟ್ ದಾರಿ. ಕಾರ್ಟೆಕ್ಸ್ ಸ್ಟ್ರಯೇಟಮ್ಮನ್ನು ಬಿಟ್ಟು ಸೀದಾ ಎಸ್‌ಟಿಎನ್‌ಗೆ ಹೋಗುತ್ತದೆ. ಪ್ಲಸ್, ಪ್ಲಸ್, ಮೈನಸ್. ಒಂದೇ ಮೈನಸ್, ಹಾಗಾಗಿ ತಡೆ. ಕೊಂಡಿಗಳು ಕಡಿಮೆ, ಹಾಗಾಗಿ ಬೇಗ. ರಸ್ತೆ ದಾಟಲು ಕಾಲಿಡುವಾಗ ಬೈಕ್ ನುಗ್ಗಿ ಬಂದರೆ ತಟ್ಟನೆ ನಿಲ್ಲುವುದರಲ್ಲಿ ಈ ದಾರಿಯ ಪಾಲು ಇದೆ ಎಂದು ಹೇಳುತ್ತಾರೆ.

ಡೋಪಮಿನ್ ಎರಡೂ ಕಡೆ ಒಂದೇ ಮಾತು ಹೇಳುತ್ತದೆ

ಡೋಪಮಿನ್ ಬಂದು ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಡೈರೆಕ್ಟ್ ದಾರಿಯ ಕೋಶಗಳಲ್ಲಿ ಡಿ1 ರಿಸೆಪ್ಟರ್, ಡೋಪಮಿನ್ ಅವನ್ನು ಹುರಿದುಂಬಿಸುತ್ತದೆ. ಪ್ಲಸ್ ಗುಣಿಸು ಪ್ಲಸ್, ಚಲನೆ ಜಾಸ್ತಿ. ಇಂಡೈರೆಕ್ಟ್ ದಾರಿಯ ಕೋಶಗಳಲ್ಲಿ ಡಿ2 ರಿಸೆಪ್ಟರ್, ಡೋಪಮಿನ್ ಅವನ್ನು ತಣ್ಣಗಾಗಿಸುತ್ತದೆ. ಮೈನಸ್ ಗುಣಿಸು ಮೈನಸ್, ಇಲ್ಲೂ ಚಲನೆ ಜಾಸ್ತಿ. ಒಂದೇ ರಾಸಾಯನಿಕ, ಎರಡು ವಿರುದ್ಧ ರಿಸೆಪ್ಟರ್, ಒಂದೇ ಫಲಿತಾಂಶ. ಈ ಜಾಣತನ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಡಿಸೆಕ್ಷನ್ ಹಾಲ್‌ನಲ್ಲಿ ಮಿಡ್‌ಬ್ರೇನ್ ಅಡ್ಡಕೊಯ್ತ ಸಿಕ್ಕರೆ ಬಿಡಬೇಡಿ. ಎರಡೂ ಪಕ್ಕ ಹುಬ್ಬಿನಂತೆ ಬಾಗಿದ ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಅದೇ ಸಬ್‌ಸ್ಟಾನ್ಷಿಯಾ ನೈಗ್ರಾ. ಕಪ್ಪು ಬಂದದ್ದು ನ್ಯೂರೋಮೆಲನಿನ್ ಎಂಬ ಬಣ್ಣದ ವಸ್ತುವಿನಿಂದ. ಹುಟ್ಟಿದ ಮಗುವಿನಲ್ಲಿ ಈ ಕಪ್ಪು ಇರುವುದಿಲ್ಲ, ವಯಸ್ಸಿನ ಜೊತೆ ಸೇರುತ್ತಾ ಹೋಗುತ್ತದೆ. ಪಾರ್ಕಿನ್ಸನ್ ರೋಗಿಯ ಕೊಯ್ತವನ್ನು ಪಕ್ಕದಲ್ಲಿಟ್ಟರೆ ಆ ಪಟ್ಟಿ ಮಾಸಿ ಬಿಳಿಚಿಕೊಂಡಿರುತ್ತದೆ. ಬೆಂಗಳೂರಿನಲ್ಲಿ ಇರುವವರು ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ಚಿತ್ರದಲ್ಲಿ ನೋಡುವುದಕ್ಕೂ ನಿಜವಾದ ಮಿದುಳು ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ರೋಗಗಳ ಮೇಲೆ ಲೆಕ್ಕ ಹಚ್ಚೋಣ

ಮೊದಲಿಗೆ ಪಾರ್ಕಿನ್ಸನ್. ಡೋಪಮಿನ್ ಹೋಯಿತು. ಡೈರೆಕ್ಟ್ ದಾರಿ ಸೊರಗಿತು, ಇಂಡೈರೆಕ್ಟ್ ದಾರಿಗೆ ಲಗಾಮು ತಪ್ಪಿತು. ಎರಡೂ ಸೇರಿ ಜಿಪಿಐಯನ್ನು ಇನ್ನಷ್ಟು ಜೋರು ಮಾಡಿದವು. ಥಾಲಮಸ್ ಅದುಮಿಕೊಂಡೇ ಇದೆ. ಹಾಗಾಗಿ ನಿಧಾನ, ಬಿಗಿತ, ಭಾವ ಕಾಣದ ಮುಖ. ಒಂದು ಎಚ್ಚರಿಕೆ: ನಡುಕವನ್ನು ಈ ಲೆಕ್ಕದಿಂದ ತೆಗೆಯಲು ಹೋಗಬೇಡಿ, ಅದು ಇಷ್ಟಕ್ಕೇ ಸಿಗುವುದಿಲ್ಲ.

ಲೆಕ್ಕ ಸರಿ ಇದ್ದರೆ ಎಸ್‌ಟಿಎನ್ ಬಾಯಿ ಮುಚ್ಚಿಸಿದಾಗ ಜಿಪಿಐ ತಣ್ಣಗಾಗಿ ರೋಗಿ ಸರಾಗವಾಗಿ ಚಲಿಸಬೇಕು ಅಲ್ವಾ? ಇದನ್ನು ನಿಜವಾಗಿ ಮಾಡಿ ನೋಡಿದ್ದಾರೆ. ಅದರ ಹಿಂದೆ ಒಂದು ದುಃಖದ ಕಥೆ ಇದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಳ್ಳ ಲ್ಯಾಬ್‌ನ ಮಾದಕ ವಸ್ತು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ವಿಲಿಯಂ ಲ್ಯಾಂಗ್ಸ್ಟನ್ ತಂಡ ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶವೇ ಕಾರಣ ಎಂದು ಹುಡುಕಿತು. ಅದು ನೈಗ್ರಾದ ಡೋಪಮಿನ್ ಕೋಶಗಳನ್ನು ಕೊಲ್ಲುತ್ತದೆ. ಇದರಿಂದ ಕೋತಿಗಳಲ್ಲಿ ಪಾರ್ಕಿನ್ಸನ್ ಮಾದರಿ ಸಿಕ್ಕಿತು. 1990ರಲ್ಲಿ ಬರ್ಗ್‌ಮನ್, ವಿಖ್‌ಮನ್ ಮತ್ತು ಡಿಲಾಂಗ್ ಅಂಥ ಕೋತಿಗಳ ಎಸ್‌ಟಿಎನ್ ನಾಶ ಮಾಡಿದಾಗ ಅವು ಮತ್ತೆ ಓಡಾಡಿದವು. ಗ್ರೆನೋಬಲ್‌ನ ಬೆನಬಿದ್ ತಂಡ 1993ರಲ್ಲಿ ಮನುಷ್ಯರ ಎಸ್‌ಟಿಎನ್‌ಗೆ ಎಲೆಕ್ಟ್ರೋಡ್ ಇಳಿಸಿತು. ಪಾರ್ಕಿನ್ಸನ್‌ಗೆ ಈಗ ಎಸ್‌ಟಿಎನ್‌ನಲ್ಲಿ ಮಾಡುವ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ (ಎಲೆಕ್ಟ್ರೋಡ್‌ನಿಂದ ಮಿದುಳಿನ ಆಳಕ್ಕೆ ವಿದ್ಯುತ್ ಕೊಡುವ ಚಿಕಿತ್ಸೆ) ಅಲ್ಲಿಂದ ಬೆಳೆದದ್ದು.

ಈಗ ಮೊದಲ ಪ್ರಶ್ನೆ. ಬಲಗಡೆ ಎಸ್‌ಟಿಎನ್‌ಗೆ ಸ್ಟ್ರೋಕ್. ಇಂಡೈರೆಕ್ಟ್ ದಾರಿಯ ಒಂದೇ ಒಂದು ಪ್ಲಸ್ ಕಳಚಿತು. ಜಿಪಿಐ ಮೆತ್ತಗಾಯಿತು, ಥಾಲಮಸ್ ಸಡಿಲವಾಯಿತು. ಕೈ ಕಾಲು ತಾವಾಗಿಯೇ ಎಸೆದಾಡುತ್ತವೆ, ಇದೇ ಹೆಮಿಬ್ಯಾಲಿಸ್ಮಸ್. ಯಾವ ಕಡೆ? ಬಲ ಥಾಲಮಸ್‌ನಿಂದ ಬಲ ಕಾರ್ಟೆಕ್ಸ್, ಅಲ್ಲಿಂದ ಬೆನ್ನುಹುರಿಗೆ ಇಳಿಯುವ ಕಾರ್ಟಿಕೋಸ್ಪೈನಲ್ ದಾರಿ, ಮಿದುಳಿನ ಬುಡದ ಮೆಡುಲಾದಲ್ಲಿ ಅಡ್ಡ ದಾಟುತ್ತದೆ. ಹಾಗಾಗಿ ಎಡಗೈ, ಎಡಗಾಲು. ಬೇಸಲ್ ಗ್ಯಾಂಗ್ಲಿಯಾದ ಮುಖ್ಯ ಸುತ್ತು ತಾನಾಗಿ ಅಡ್ಡ ದಾಟುವುದಿಲ್ಲ. ದಾಟುವುದು ಕೊನೆಯ ಕೊಂಡಿ.

ಹಂಟಿಂಗ್ಟನ್ ಎಂಬ ಆನುವಂಶಿಕ ರೋಗದಲ್ಲಿ ಮೊದಲು ಸಾಯುವುದು ಇಂಡೈರೆಕ್ಟ್ ದಾರಿಯ ಸ್ಟ್ರಯೇಟಮ್ ಕೋಶಗಳು. ಜಿಪಿಇ ಸಡಿಲ, ಎಸ್‌ಟಿಎನ್ ಅದುಮಿಹೋಯಿತು, ಜಿಪಿಐ ಮೆತ್ತಗೆ. ಅದಕ್ಕೇ ಕೊರಿಯಾ, ಅಂದರೆ ಮೈ ತಾನಾಗಿ ಕುಣಿದಂಥ ಚಲನೆ. ರೋಗ ಮುಂದುವರಿದು ಡೈರೆಕ್ಟ್ ದಾರಿಯ ಕೋಶಗಳೂ ಹೋದಾಗ ಬಿಗಿತ ಬರುತ್ತದೆ. ಲೆಕ್ಕ ಇಲ್ಲೂ ಹೊಂದುತ್ತದೆ.

ಲೆಕ್ಕಕ್ಕೆ ಮಿತಿಯೂ ಇದೆ. 2010ರಲ್ಲಿ ಇಲಿಗಳ ಡೈರೆಕ್ಟ್ ಕೋಶಗಳನ್ನು ಬೆಳಕಿನಿಂದ ಎಬ್ಬಿಸಿದಾಗ ಅವು ಓಡಾಡಿದವು, ಇಂಡೈರೆಕ್ಟ್ ಕೋಶಗಳನ್ನು ಎಬ್ಬಿಸಿದಾಗ ನಿಂತವು. ಇದು ನಮ್ಮ ಲೆಕ್ಕದಂತೆಯೇ. ಆದರೆ 2013ರಲ್ಲಿ, ಇಲಿ ತಾನಾಗಿ ಚಲನೆ ಶುರು ಮಾಡುವಾಗ ಎರಡೂ ಗುಂಪು ಒಟ್ಟಿಗೆ ಚುರುಕಾಗುವುದು ಕಂಡಿತು. ಬೇಕಾದ ಚಲನೆಗೆ ದಾರಿ, ಬೇಡದ್ದಕ್ಕೆ ತಡೆ, ಎರಡೂ ಒಂದೇ ಹೊತ್ತಿಗೆ ನಡೆಯುತ್ತವೆ ಎಂದು ತಿಳಿಯುವುದು ಒಳ್ಳೆಯದು. ಒಂದು ಬಟನ್ ಆನ್, ಇನ್ನೊಂದು ಆಫ್ ಅಂತ ಚಿತ್ರ ಇಟ್ಟುಕೊಳ್ಳಬೇಡಿ.

ಲೆವೊಡೋಪಾ, ನಸುಗುನ್ನಿ

ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಆಮೇಲೆ ಡೋಪಮಿನ್ ಆಗಿ ಬದಲಾಗುವ ಪಾರ್ಕಿನ್ಸನ್ ಔಷಧಿ ಲೆವೊಡೋಪಾ ದಾಟುತ್ತದೆ. ದಾಟುವ ಮುಂಚೆಯೇ ಅದು ಡೋಪಮಿನ್ ಆಗಿ ಹೋಗದಂತೆ ಕಾರ್ಬಿಡೋಪಾ ಜೊತೆಗೆ ಕೊಡುತ್ತಾರೆ. ಮುಟ್ಟಿದರೆ ಮೈಯೆಲ್ಲಾ ತುರಿಸುವ ನಸುಗುನ್ನಿ ಬಳ್ಳಿ ನಮ್ಮ ಬೇಲಿಗಳಲ್ಲೇ ಇದೆ. ಅದರ ಬೀಜದಿಂದ ಲೆವೊಡೋಪಾ ಬೇರ್ಪಡಿಸಿದ ಕೆಲಸವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಕಂಪವಾತಕ್ಕೆ ಆಯುರ್ವೇದದಲ್ಲಿ ಈ ಬೀಜದ ಬಳಕೆ ಇದೆ. ಹಾಗಂತ ಮನೆಯಲ್ಲಿ ಬೀಜ ಪುಡಿ ಮಾಡಿ ಕುಡಿಯುವುದು ಬೇಡ. ಎಷ್ಟು ಲೆವೊಡೋಪಾ ಹೊಟ್ಟೆಗೆ ಹೋಯಿತು ಎಂದು ಗೊತ್ತಾಗುವುದಿಲ್ಲ.

ಚಲನೆ ಮಾತ್ರ ಅಲ್ಲ

ಇದೇ ಸುತ್ತು ಮಿದುಳಿನ ಬೇರೆ ಭಾಗಗಳಿಗೂ ಇದೆ. 1986ರಲ್ಲಿ ಅಲೆಕ್ಸಾಂಡರ್, ಡಿಲಾಂಗ್ ಮತ್ತು ಸ್ಟ್ರಿಕ್ ಇಂಥ ಐದು ಸಮಾನಾಂತರ ಸುತ್ತುಗಳನ್ನು ವಿವರಿಸಿದರು. ಕೈಕಾಲಿಗೆ ಒಂದು, ಕಣ್ಣಿಗೆ ಒಂದು, ಉಳಿದವು ಯೋಜನೆ, ಸಂಯಮ, ಹುಮ್ಮಸ್ಸಿನಂಥ ವಿಷಯಗಳಿಗೆ. ಪಾರ್ಕಿನ್ಸನ್‌ಗೆ ಡೋಪಮಿನ್ ಅಗೊನಿಸ್ಟ್ (ಡೋಪಮಿನ್‌ನಂತೆಯೇ ಕೆಲಸ ಮಾಡುವ ಔಷಧಿ) ತೆಗೆದುಕೊಳ್ಳುವ ಕೆಲವರು ಇದ್ದಕ್ಕಿದ್ದಂತೆ ಜೂಜಿಗೋ, ಮಿತಿಮೀರಿದ ಖರೀದಿಗೋ ಬೀಳುತ್ತಾರೆ. ಮನೆಯವರು ಅದನ್ನು ಗುಣದೋಷ ಎಂದುಕೊಂಡು ಬೈಯುತ್ತಾರೆ. ಔಷಧಿ ಕೈಕಾಲಿನ ಸುತ್ತಿಗೆ ಮಾತ್ರ ಹೋಗಿ ನಿಲ್ಲುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಬೇಕು. ಇದು ನಾವು ಕಲಿಯಬೇಕಾದ ಮುಖ್ಯ ಭಾಗ, ಅಡಿಟಿಪ್ಪಣಿ ಅಲ್ಲ.

ಅಭ್ಯಾಸದ ಕಲಿಕೆಯೂ ಇಲ್ಲಿಯದೇ. 1996ರಲ್ಲಿ ನೋಲ್ಟನ್, ಮ್ಯಾಂಗೆಲ್ಸ್ ಮತ್ತು ಸ್ಕ್ವಾಯರ್ ಇಸ್ಪೀಟಿನಂಥ ಕಾರ್ಡ್‌ಗಳನ್ನು ತೋರಿಸಿ ಮಳೆಯೋ ಬಿಸಿಲೋ ಊಹಿಸಲು ಹೇಳಿದರು. ನೆನಪಿನ ಶಕ್ತಿ ಕಳೆದುಕೊಂಡ ರೋಗಿಗಳು ಆಟದ ವಿವರ ಮರೆತರೂ ಊಹೆಯಲ್ಲಿ ಸುಧಾರಿಸಿದರು. ಪಾರ್ಕಿನ್ಸನ್ ರೋಗಿಗಳಿಗೆ ಆಟದ ವಿವರ ಚೆನ್ನಾಗಿ ನೆನಪಿತ್ತು, ಊಹೆ ಸುಧಾರಿಸಲಿಲ್ಲ. ಘಟನೆಗಳನ್ನು ನೆನಪಿಡುವ ಹಿಪೊಕ್ಯಾಂಪಸ್ ಕೆಲಸ ಬೇರೆ, ಸ್ಟ್ರಯೇಟಮ್ ಕೆಲಸ ಬೇರೆ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ನಾನು ಓದಿಲ್ಲ.

ನೀವೇ ಬಿಡಿಸಿ

ಮಾನಸಿಕ ಕಾಯಿಲೆಗೆ ಹಾಲೊಪೆರಿಡಾಲ್ ತೆಗೆದುಕೊಳ್ಳುತ್ತಿರುವ ಒಬ್ಬರಿಗೆ ಕೆಲ ವಾರಗಳಲ್ಲಿ ನಡಿಗೆ ನಿಧಾನವಾಗಿ, ಕೈ ಬೀಸುವುದು ನಿಂತಿದೆ. ಯಾಕೆ? ಔಷಧಿ ಡಿ2 ರಿಸೆಪ್ಟರ್ ಮುಚ್ಚುತ್ತದೆ. ಡಿ2 ಇರುವುದು ಇಂಡೈರೆಕ್ಟ್ ದಾರಿಯಲ್ಲಿ. ಅದನ್ನು ತಣ್ಣಗಾಗಿಸುತ್ತಿದ್ದ ಡೋಪಮಿನ್ ಮಾತು ಈಗ ಕೇಳಿಸುತ್ತಿಲ್ಲ. ಇಂಡೈರೆಕ್ಟ್ ಜೋರು, ಜಿಪಿಇ ಮೆತ್ತಗೆ, ಎಸ್‌ಟಿಎನ್ ಜೋರು, ಜಿಪಿಐ ಜೋರು, ಥಾಲಮಸ್ ಅದುಮಿಹೋಯಿತು. ನೈಗ್ರಾ ಕೋಶಗಳು ಸತ್ತಿಲ್ಲ, ಹಾಗಾಗಿ ವೈದ್ಯರು ಔಷಧಿ ಬದಲಿಸಿದರೆ ಅಥವಾ ಕಡಿಮೆ ಮಾಡಿದರೆ ಹೆಚ್ಚಿನವರಲ್ಲಿ ಇದು ಇಳಿಯುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಡಿ2 ಮುಚ್ಚುವುದೇ. ವಯಸ್ಸಾದವರಲ್ಲಿ ಹೊಸದಾಗಿ ಬಿಗಿತ ಕಂಡರೆ, ಅವರು ನುಂಗುತ್ತಿರುವ ಮಾತ್ರೆಗಳ ಚೀಟಿ ಮೊದಲು ಕೇಳಿ.