ಜಂಕ್ಷನ್ ಹತ್ತಿರ ಮ್ಯಾಗ್ನೆಟ್ ಬಂದರೆ?

ಪ್ರಶ್ನೆ: ಸೂಪರ್‌ಕಂಡಕ್ಟರಿಗೂ (ತುಂಬಾ ತಂಪು ಮಾಡಿದಾಗ ತಡೆಯೇ ಇಲ್ಲದೆ ಕರೆಂಟ್ ಹರಿಯುವ ವಸ್ತು) ಮ್ಯಾಗ್ನೆಟ್ಟಿಗೂ ಆಗಿಬರುವುದಿಲ್ಲ ಅಂತ ಓದಿದ್ದೇನೆ. ಹಾಗಾದರೆ ಸೂಪರ್‌ಕಂಡಕ್ಟರ್ ಜಂಕ್ಷನ್ ಹತ್ತಿರ ಮ್ಯಾಗ್ನೆಟ್ ತಂದರೆ ಕರೆಂಟ್ ನಿಂತೇಹೋಗುತ್ತದಾ?
ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಲ್ಲುತ್ತದೆ. ಇನ್ನೂ ಸ್ವಲ್ಪ ಹತ್ತಿರ ತನ್ನಿ, ಮತ್ತೆ ಶುರುವಾಗುತ್ತದೆ.

ಜಂಕ್ಷನ್ ಅಂದಕೂಡಲೇ ಹುಬ್ಬಳ್ಳಿ ಕಡೆಯವರಿಗೆ ನೆನಪಾಗುವುದು 1507 ಮೀಟರ್ ಉದ್ದದ ಪ್ಲಾಟ್‌ಫಾರಂ. ನೀವು ಕೇಳಿದ ಜಂಕ್ಷನ್ನಿನಲ್ಲಿ ಎರಡು ಸೂಪರ್‌ಕಂಡಕ್ಟರುಗಳ ನಡುವೆ ಇರುವುದು ಒಂದೆರಡು ನ್ಯಾನೊಮೀಟರ್ ದಪ್ಪದ ಪದರ, ಅದೂ ಕರೆಂಟ್ ಹರಿಯದಂಥದ್ದು. ಆದರೂ ಸೂಪರ್‌ಕಂಡಕ್ಟರಿನಲ್ಲಿ ಕರೆಂಟ್ ಹೊರುವ ಎಲೆಕ್ಟ್ರಾನ್ ಜೋಡಿಗಳು ಅದನ್ನು ದಾಟುತ್ತವೆ, ವೋಲ್ಟೇಜ್ ಇಲ್ಲದೆಯೇ. 1962ರಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದ ಬ್ರಯಾನ್ ಜೋಸೆಫ್‌ಸನ್‌ಗೆ ಆಗ ಬರೀ 22 ವರ್ಷ.

ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಜಂಕ್ಷನ್ನಿನ ಒಂದು ಬದಿಯಲ್ಲಿ ಕರೆಂಟ್ ಮುಂದಕ್ಕೆ, ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಹರಿಯತೊಡಗುತ್ತದೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದಷ್ಟೇ ಜನ ಹುಬ್ಬಳ್ಳಿಗೆ ವಾಪಸ್ ಬಂದ ಹಾಗೆ. ಬಸ್ಸುಗಳು ತುಂಬಿಯೇ ಓಡುತ್ತಿವೆ, ಕೂಡಿ ಕಳೆದರೆ ಸೊನ್ನೆ. ಮ್ಯಾಗ್ನೆಟ್ಟಿನ ಫೀಲ್ಡ್ (ಅದರ ಪ್ರಭಾವ) ಇನ್ನಷ್ಟು ಹೆಚ್ಚಿಸಿದರೆ ಸಮತೋಲ ತಪ್ಪಿ ಕರೆಂಟ್ ಮತ್ತೆ ಕಾಣಿಸುತ್ತದೆ, ಮೊದಲಿನಷ್ಟಲ್ಲ. ಆಮೇಲೆ ಮತ್ತೆ ಸೊನ್ನೆ. ಹೀಗೇ ಏರಿಳಿತ.

ಮೊದಲ ಸೊನ್ನೆಗೆ ಎಷ್ಟು ಫೀಲ್ಡ್ ಬೇಕು? ಜಂಕ್ಷನ್ 10 ಮೈಕ್ರೊಮೀಟರ್ ಅಗಲ, ಫೀಲ್ಡ್ ಒಳಹೊಕ್ಕುವ ಜಾಗ ಸುಮಾರು 0.1 ಮೈಕ್ರೊಮೀಟರ್ ಅಂತಿಟ್ಟುಕೊಳ್ಳಿ. ಆಗ ಸುಮಾರು 2 ಮಿಲಿಟೆಸ್ಲಾ ಸಾಕು. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟಿಗೇ ಅಷ್ಟು ಶಕ್ತಿ ಇರುತ್ತದೆ. ಜಂಕ್ಷನ್ ಅಗಲವಾದಷ್ಟೂ ಇನ್ನೂ ಕಡಿಮೆ ಸಾಕು. ಅದಕ್ಕೇ ಲ್ಯಾಬಿನವರು ಭೂಮಿಯ ಫೀಲ್ಡಿಗೂ ಹೆದರಿ ಸುತ್ತ ಶೀಲ್ಡ್ ಕಟ್ಟುತ್ತಾರೆ.

ಮ್ಯಾಗ್ನೆಟ್ಟನ್ನೇ ನಡುವಿನ ಪದರ ಮಾಡಿದರೆ ಕಥೆ ಬೇರೆ. ಜೋಡಿಯಲ್ಲಿ ಒಂದು ಎಲೆಕ್ಟ್ರಾನಿನ ಸ್ಪಿನ್ (ಪುಟ್ಟ ಮ್ಯಾಗ್ನೆಟ್ಟಿನಂತೆ ವರ್ತಿಸುವ ಅದರ ಗುಣ) ಮೇಲೆ, ಇನ್ನೊಂದರದ್ದು ಕೆಳಗೆ. ಮ್ಯಾಗ್ನೆಟ್ ಒಂದನ್ನು ಓಡಿಸುತ್ತದೆ, ಇನ್ನೊಂದನ್ನು ತಡೆಯುತ್ತದೆ. ನೊಗದ ಎರಡು ಎತ್ತುಗಳಲ್ಲಿ ಒಂದು ಚುರುಕು, ಇನ್ನೊಂದು ನಿಧಾನ ಆದಂತೆ. ಕಬ್ಬಿಣದಂಥ ಪ್ರಬಲ ಮ್ಯಾಗ್ನೆಟ್ಟಿನಲ್ಲಿ ಕೆಲವೇ ನ್ಯಾನೊಮೀಟರಿನಲ್ಲಿ ಜೋಡಿ ಮುರಿಯುತ್ತದೆ. ದುರ್ಬಲವಾದದ್ದಾದರೆ ಜೋಡಿ ಇನ್ನಷ್ಟು ದೂರ ಸಾಗುತ್ತದೆ. ಜೋಡಿ ಅಲೆಯಂತೆಯೂ ವರ್ತಿಸುತ್ತದೆ, ಸಾಗುತ್ತಾ ಆ ಅಲೆಯ ಚಿಹ್ನೆ ಪ್ಲಸ್ಸಿನಿಂದ ಮೈನಸ್ಸಿಗೆ ಹೊರಳುತ್ತದೆ. ಪದರದ ದಪ್ಪ ಸರಿಯಾಗಿ ಕುದುರಿದರೆ ಕರೆಂಟಿನ ದಿಕ್ಕೇ ತಿರುವುಮುರುವು. ಇದು ಪೈ ಜಂಕ್ಷನ್.

ರಷ್ಯಾದ ವಲೇರಿ ರಿಯಾಜಾನೋವ್ ತಂಡ 2001ರಲ್ಲಿ ತಾಮ್ರ-ನಿಕಲ್ ಮಿಶ್ರಲೋಹದ ಪದರದಲ್ಲಿ ಇದನ್ನು ತೋರಿಸಿತು. ಸಾಮಾನ್ಯವಾಗಿ ತಂಪು ಮಾಡಿದಷ್ಟೂ ಇಂಥ ಕರೆಂಟ್ ಜಾಸ್ತಿಯಾಗಬೇಕು, ಅಲ್ವಾ? ಅಲ್ಲಿ ತಂಪು ಮಾಡುತ್ತಾ ಹೋದಾಗ ಕರೆಂಟ್ ಇಳಿಯುತ್ತಾ ಸೊನ್ನೆ ಮುಟ್ಟಿತು, ಇನ್ನೂ ತಂಪಾದಾಗ ಮತ್ತೆ ಏರಿತು. ಆ ಸೊನ್ನೆಯೇ ದಿಕ್ಕು ತಿರುಗಿದ ಗುರುತು.