ಗಾಲ್ಫ್ ಐರನ್‌ಗಳ ಹೊಸ ಮೈಬಣ್ಣ ಎಷ್ಟು ಕಾಲ ಬಾಳುತ್ತದೆ?

ಹಳೆಯ ಗಾಲ್ಫ್ ಐರನ್‌ಗಳನ್ನು, ಅಂದರೆ ಉಕ್ಕಿನ ತಲೆಯ ಗಾಲ್ಫ್ ಕ್ಲಬ್‌ಗಳನ್ನು (ಚೆಂಡು ಹೊಡೆಯುವ ಕೋಲುಗಳನ್ನು), ಕಪ್ಪಾಗಿಯೋ ತಾಮ್ರದ ಬಣ್ಣಕ್ಕೋ ಚಿನ್ನದ ಹೊಳಪಿಗೋ ತಿರುಗಿಸಿಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ಲೇಪ ಎಲ್ಲಕ್ಕಿಂತ ಗಟ್ಟಿ ಎಂಬುದು. ಮಾರುವವರೂ ಇದೇ ಪ್ರಶ್ನೆಗೆ ಉತ್ತರವಾಗಿ ಗಡಸುತನದ ಅಂಕಿಗಳನ್ನು ಮುಂದಿಡುತ್ತಾರೆ. ಆದರೆ ಲೇಪದ ಗಡಸುತನವೊಂದೇ ಅದರ ಆಯುಷ್ಯವನ್ನು ನಿರ್ಧರಿಸುವುದಿಲ್ಲ. ಲೇಪದ ಕೆಳಗಿರುವ ಉಕ್ಕು ಎಂಥದ್ದು, ಆ ಉಕ್ಕಿಗೂ ಲೇಪಕ್ಕೂ ನಡುವಿನ ಬೆಸುಗೆ ಎಷ್ಟು ಆಳದ್ದು ಎಂಬ ಎರಡು ಸಂಗತಿಗಳನ್ನು ಬಿಟ್ಟು ಆಯುಷ್ಯದ ಮಾತಾಡುವುದು ವ್ಯರ್ಥ.

ಐರನ್‌ನ ಮೇಲ್ಮೈಗೆ ದೊಡ್ಡ ಶತ್ರು ಚೆಂಡಲ್ಲ, ಮರಳು. ಚೆಂಡಿನ ಹೊರಪದರ ಪ್ಲಾಸ್ಟಿಕ್ ಆಗಿರುವುದರಿಂದ ಅದು ಉಕ್ಕನ್ನು ಗೀರಲಾರದು. ಗಾಲ್ಫ್ ಮೈದಾನದ ಮರಳುಗುಂಡಿಯಾದ ಬಂಕರ್‌ನ ಮರಳಿನಲ್ಲಿ ಹೆಚ್ಚಾಗಿ ಇರುವುದು ಬೆಣಚುಕಲ್ಲಿನ ಕಣಗಳು, ಮತ್ತು ವಿಕರ್ಸ್ ಮಾಪನದಲ್ಲಿ ಬೆಣಚಿನ ಗಡಸುತನ ಸಾವಿರದ ಆಸುಪಾಸಿನಲ್ಲಿದೆ. ಕಾಯಿಸಿ ಬಡಿದು ರೂಪಿಸಿದ ಐರನ್‌ಗಳಿಗೆ ಬಳಸುವ, ಶೇಕಡಾ 0.2ರಷ್ಟು ಇಂಗಾಲವಿರುವ ಮೆದು ಉಕ್ಕಿನ ಗಡಸುತನ ಅದೇ ಮಾಪನದಲ್ಲಿ 200ನ್ನು ಮುಟ್ಟುವುದೂ ಅಪರೂಪ. ಬಂಕರ್‌ನಿಂದ ಚೆಂಡನ್ನು ಎತ್ತುವ ಪ್ರತಿ ಹೊಡೆತದಲ್ಲೂ ವೆಜ್ ಎಂಬ, ಮುಖ ಹೆಚ್ಚು ಓರೆಯಾಗಿರುವ ಐರನ್‌ನ ತಳ ಮತ್ತು ಮುಖ ತಮಗಿಂತ ಹಲವು ಪಟ್ಟು ಗಡಸಾದ ಸಾವಿರಾರು ಕಣಗಳಿಗೆ ಉಜ್ಜಿಕೊಂಡು ಹೋಗುತ್ತವೆ.

ಲೇಪಗಳೇ ಇಲ್ಲದ ಕಾಲದಲ್ಲಿ ಸವೆತಕ್ಕೆ ಇನ್ನೊಂದು ಕಾರಣವೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸ್ಕಾಟ್ಲೆಂಡಿನ ಕಮ್ಮಾರರು ಬಡಿದು ಕೊಡುತ್ತಿದ್ದ ತಲೆಗಳು ಬರಿಯ ಉಕ್ಕಿನವು. ಸೇಂಟ್ ಆಂಡ್ರ್ಯೂಸ್‌ನ ಟಾಮ್ ಸ್ಟುವರ್ಟ್‌ನ ಕುಲುಮೆಯಿಂದ ಹೊರಟ, ತಂಬಾಕು ಸೇದುವ ಪೈಪಿನ ಮುದ್ರೆಯಿರುವ ಐರನ್‌ಗಳು ಇಂದು ಸಂಗ್ರಾಹಕರ ಕೈಯಲ್ಲಿವೆ. ಅವುಗಳಲ್ಲಿ ಎಷ್ಟೋ ತೆಳ್ಳಗಾಗಿರುವುದು ಆಟದಿಂದಷ್ಟೇ ಅಲ್ಲ. ತೇವದ ಹುಲ್ಲಿನಿಂದ ಹತ್ತಿದ ತುಕ್ಕನ್ನು ಆಟ ಮುಗಿದ ಮೇಲೆ ಎಮರಿ ಬಟ್ಟೆಯಿಂದ ತಿಕ್ಕಿ ತೆಗೆಯುವುದು ಅಂದಿನ ವಾಡಿಕೆಯಾಗಿತ್ತು, ಮತ್ತು ತುಕ್ಕಿನೊಡನೆ ಉಕ್ಕೂ ಪ್ರತಿ ಬಾರಿ ಒಂದಿಷ್ಟು ಹೋಗುತ್ತಿತ್ತು. 1913ರಲ್ಲಿ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ತುಕ್ಕುಹಿಡಿಯದ ಉಕ್ಕನ್ನು ತಯಾರಿಸಿದರು. 1916ರಲ್ಲಿ ಆಲಿವರ್ ವಾಟ್ಸ್ ಇಂದಿಗೂ ಬಳಕೆಯಲ್ಲಿರುವ ನಿಕ್ಕಲ್ ದ್ರಾವಣದ ಪಾಕವನ್ನು ಪ್ರಕಟಿಸಿದರು. 1920ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಸಂಗಡಿಗರ ಕೆಲಸದಿಂದ ಕ್ರೋಮಿಯಂ ಲೇಪನ ಕಾರ್ಖಾನೆಗಳನ್ನು ತಲುಪಿತು. ಎಮರಿ ಬಟ್ಟೆಯ ಕೆಲಸ ಮುಗಿದದ್ದು ಹೀಗೆ.

ನಾವು ಕ್ರೋಮ್ ಎಂದು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಇರುವುದು ಅರ್ಧ ಮೈಕ್ರಾನ್‌ಗೂ ಕಡಿಮೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರ ಕೆಳಗೆ ಹತ್ತರಿಂದ ಇಪ್ಪತ್ತು ಮೈಕ್ರಾನ್ ದಪ್ಪದ ನಿಕ್ಕಲ್ ಇರುತ್ತದೆ, ಕೆಲವೊಮ್ಮೆ ಅದಕ್ಕೂ ಕೆಳಗೆ ತಾಮ್ರ. ನೀರನ್ನು ತಡೆಯುವ ನಿಜವಾದ ಗೋಡೆ ನಿಕ್ಕಲ್. ಗೀರುಗಳನ್ನು ತಾಳಿಕೊಂಡು, ನೀಲಿ ಛಾಯೆಯ ಬಿಳುಪನ್ನು ಕೊಡುವುದಷ್ಟೇ ಕ್ರೋಮಿಯಂನ ಪಾಲು. ಈ ಗೋಡೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ಅಲ್ಲಿ ಉಕ್ಕು ಬರಿಯ ಉಕ್ಕಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ನಿಕ್ಕಲ್ ಮತ್ತು ಉಕ್ಕು ತೇವದಲ್ಲಿ ಜೊತೆಗೂಡಿದಾಗ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಅದರಲ್ಲಿ ಕರಗುವ ಸರದಿ ಯಾವಾಗಲೂ ಉಕ್ಕಿನದು, ಮತ್ತು ಇಡೀ ತಲೆಯ ನಿಕ್ಕಲ್ ಒಂದು ಕಡೆ, ಸೂಜಿಮೊನೆಯಷ್ಟು ಉಕ್ಕು ಇನ್ನೊಂದು ಕಡೆ ನಿಲ್ಲುವುದರಿಂದ ಕೊರೆತ ಆ ಒಂದೇ ಬಿಂದುವಿನಲ್ಲಿ ಆಳಕ್ಕಿಳಿಯುತ್ತದೆ. ಹಳೆಯ ಕ್ರೋಮ್ ಐರನ್‌ಗಳಲ್ಲಿ ಹೊಳೆಯುವ ಮೈಯ ನಡುವೆ ಕಂದು ಗುಳಿಗಳು ಕಾಣುವುದು ಇದರಿಂದಲೇ. ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಗುಳಿ ಮುಚ್ಚುವುದಿಲ್ಲ, ಅಡಗಿಕೊಳ್ಳುತ್ತದೆ. ಆದ್ದರಿಂದ ಹಳೆಯ ಲೇಪವನ್ನು ಪೂರ್ತಿ ಬಿಡಿಸಿ, ಗುಳಿಯ ತಳದವರೆಗೆ ಉಕ್ಕನ್ನು ಉಜ್ಜಿ ಸಮಮಾಡದೆ ಬೇರೆ ದಾರಿಯಿಲ್ಲ.

ಲೇಪ ಬಿಡಿಸುವ ಈ ಹಂತವನ್ನು ಮನೆಯಲ್ಲಿ ಪ್ರಯತ್ನಿಸುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಐರನ್‌ನ ತಲೆಯನ್ನು ಮುಳುಗಿಸಿ ವಿದ್ಯುತ್ತನ್ನು ತಿರುವುಮುರುವಾಗಿ ಹರಿಸಿದರೆ ಕ್ರೋಮಿಯಂ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ, ದ್ರಾವಣ ಹಳದಿಯಾಗುತ್ತದೆ. ಆ ಹಳದಿ ಬಣ್ಣ ಕ್ಯಾನ್ಸರ್‌ಕಾರಕವಾದ ಷಡ್ವೇಲೆನ್ಸಿ ಕ್ರೋಮಿಯಂನ ಗುರುತು. ಅದನ್ನು ಬಚ್ಚಲಿಗೆ ಸುರಿಯುವುದು ಅಪರಾಧಕ್ಕೆ ಸಮ. ಇದು ವಿಷತ್ಯಾಜ್ಯವನ್ನು ಸಂಸ್ಕರಿಸುವ ವ್ಯವಸ್ಥೆಯಿರುವ ಕಾರ್ಖಾನೆಯಲ್ಲಿಯೇ ನಡೆಯಬೇಕಾದ ಕೆಲಸ.

ಉಜ್ಜುವುದರ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಐರನ್ ತಲೆಯ ಒಟ್ಟು ಮೇಲ್ಮೈ ಸುಮಾರು 100 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಎಲ್ಲ ಕಡೆ 50 ಮೈಕ್ರಾನ್ ಉಕ್ಕು ತೆಗೆದಾಗ ಹೋಗುವ ತೂಕ ಸುಮಾರು 4 ಗ್ರಾಂ. 20 ಮೈಕ್ರಾನ್ ನಿಕ್ಕಲ್ ಹಾಕಿದಾಗ ಮರಳುವುದು ಸುಮಾರು 1.8 ಗ್ರಾಂ. ತಲೆಯಲ್ಲಿ 2 ಗ್ರಾಂ ವ್ಯತ್ಯಾಸವಾದರೆ ಸ್ವಿಂಗ್‌ವೇಯ್ಟ್, ಅಂದರೆ ಬೀಸುವಾಗ ತಲೆ ಎಷ್ಟು ಭಾರವೆನಿಸುತ್ತದೆ ಎಂಬುದರ ಅಳತೆ, ಒಂದು ಅಂಶ ಬದಲಾಗುತ್ತದೆ ಎಂಬುದು ಕ್ಲಬ್ ಕಟ್ಟುವವರ ಸಾಮಾನ್ಯ ಲೆಕ್ಕ. ತಲೆಗಳನ್ನು ಉಜ್ಜುವ ಮೊದಲೂ ಆಮೇಲೂ ಒಂದೊಂದಾಗಿ ತೂಗದೆ ಕೆಲಸ ಮಾಡುವವರಿಗೆ ಇಡೀ ಸೆಟ್ ಒಪ್ಪಿಸುವುದು ಸರಿಯಲ್ಲ.

ಮುಖದ ಮೇಲೆ ಕೊರೆದ ಗೆರೆಗಳಾದ ಗ್ರೂವ್‌ಗಳ ವಿಷಯ ಇನ್ನೂ ಸೂಕ್ಷ್ಮ. ಗಾಲ್ಫ್ ಆಟದ ನಿಯಮದ ಪ್ರಕಾರ ಗ್ರೂವ್‌ನ ಆಳ 0.508 ಮಿಲಿಮೀಟರ್ ಮೀರಬಾರದು, ಅಗಲ 0.9 ಮಿಲಿಮೀಟರ್ ಮೀರಬಾರದು. 2010ರಲ್ಲಿ ಜಾರಿಗೆ ಬಂದ ನಿಯಮದಂತೆ, 25 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಓರೆಯಿರುವ ಕ್ಲಬ್‌ಗಳಲ್ಲಿ ಗ್ರೂವ್‌ನ ಅಂಚು ಕನಿಷ್ಠ 0.254 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಾಗಿರಬೇಕು. ವಿದ್ಯುಲ್ಲೇಪನದಲ್ಲಿ ಲೋಹ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ; ವಿದ್ಯುತ್ಪ್ರವಾಹ ಅಂಚುಗಳಲ್ಲಿ ದಟ್ಟೈಸುವುದರಿಂದ ಗ್ರೂವ್‌ನ ಅಂಚಿನಲ್ಲಿ ಲೇಪ ದಪ್ಪವಾಗಿಯೂ ತಳದಲ್ಲಿ ತೆಳುವಾಗಿಯೂ ಬೆಳೆಯುತ್ತದೆ. ಬಣ್ಣದ ಪುಡಿಯನ್ನು ಸಿಂಪಡಿಸಿ ಬೇಯಿಸುವ ಪೌಡರ್ ಕೋಟಿಂಗ್ ಹಲವು ಹತ್ತು ಮೈಕ್ರಾನ್ ದಪ್ಪವಿರುವುದರಿಂದ ಮುಖಕ್ಕೆ ಅದು ಸಲ್ಲದು. ಅದು ತಲೆಯ ಬೆನ್ನಿಗೆ ಮಾತ್ರ.

ಇನ್ನು ನಿರ್ವಾತದಲ್ಲಿ ಹಾಕುವ ಲೇಪಗಳು. ಪಿವಿಡಿ ಎಂಬ ಈ ವಿಧಾನದಲ್ಲಿ ಐರನ್‌ಗಳನ್ನು ಗಾಳಿಯನ್ನೆಲ್ಲ ಹೊರಸೆಳೆದ ಕೋಣೆಯಲ್ಲಿ ತಿರುಗಲು ಬಿಟ್ಟು, ಮೊದಲು ಆರ್ಗಾನ್ ಅಯಾನುಗಳ ಹೊಡೆತದಿಂದ ಅವುಗಳ ಮೈಯ ಕಡೆಯ ಕೊಳೆಯನ್ನೂ ಕಿತ್ತು, ಆಮೇಲೆ ವಿದ್ಯುತ್ ಚಾಪದಿಂದ ಟೈಟಾನಿಯಂ ಅನ್ನು ಆವಿಯಾಗಿಸಿ, ಸಾರಜನಕವನ್ನು ಒಳಬಿಡುತ್ತಾರೆ. ಎರಡೂ ಕೂಡಿ ಟೈಟಾನಿಯಂ ನೈಟ್ರೈಡ್ ಆಗಿ ಉಕ್ಕಿನ ಮೇಲೆ ಕೂರುತ್ತವೆ. ದಪ್ಪ ಒಂದರಿಂದ ಐದು ಮೈಕ್ರಾನ್, ಗಡಸುತನ 2,000ಕ್ಕೂ ಮೇಲೆ, ಅಂದರೆ ಬೆಣಚಿನ ಇಮ್ಮಡಿ. ಅದರ ಚಿನ್ನದ ಬಣ್ಣ ಬಳಿದದ್ದಲ್ಲ. ಅದರ ಎಲೆಕ್ಟ್ರಾನುಗಳು ಕೆಂಪು, ಹಳದಿ ಬೆಳಕನ್ನು ಹಿಂದಕ್ಕೆ ಕಳಿಸಿ ನೀಲಿಯನ್ನು ನುಂಗಿಕೊಳ್ಳುತ್ತವೆ. ಚಿನ್ನ ಚಿನ್ನದಂತೆ ಕಾಣುವುದೂ ಹೀಗೆಯೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹೊಂಬಣ್ಣದ ಡ್ರಿಲ್ ಬಿಟ್‌ಗಳ ಮೇಲೆ ಇರುವುದು ಇದೇ ಲೇಪ, ಮತ್ತು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇದು ಹೊಸ ವಿದ್ಯೆಯೇನಲ್ಲ.

ಆದರೆ ಡ್ರಿಲ್ ಬಿಟ್ ಮತ್ತು ಐರನ್ ನಡುವೆ ಒಂದು ದೊಡ್ಡ ಅಂತರವಿದೆ, ಮತ್ತು ಈ ಲೇಖನದ ತಿರುಳೇ ಅದು. ಡ್ರಿಲ್ ಬಿಟ್‌ನ ಉಕ್ಕು ತಾನೇ ಬಹಳ ಗಡಸು; ಬಡಿದು ಮಾಡಿದ ಐರನ್‌ನ ಉಕ್ಕು ಮೆದು. ಹಸಿ ಮಣ್ಣಿನ ಮೇಲೆ ಹಾಸಿದ ಕಡಪದ ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಭಾರ ಬಿದ್ದಾಗ ಕೆಳಗಿನ ಮಣ್ಣು ಕುಸಿದು ಬಿರುಕು ಬಿಡುವಂತೆ, ಮರಳಿನ ಕಣವೋ ಬೆಣಚುಕಲ್ಲಿನ ಚೂರೋ ಒತ್ತಿದಾಗ ಮೂರು ಮೈಕ್ರಾನ್ ಲೇಪದ ಕೆಳಗಿನ ಉಕ್ಕು ತಗ್ಗುತ್ತದೆ. ಬಾಗಲಾರದ ಲೇಪ ಒಡೆಯುತ್ತದೆ. ಅಂದರೆ ಲೇಪ ಮರಳಿಗೆ ಸೋತು ಸವೆದದ್ದಲ್ಲ, ತನ್ನ ಬುನಾದಿ ಕುಸಿದು ಉದುರಿದ್ದು. ಗಡಸುತನದ ಅಂಕಿಯನ್ನು ಎರಡು ಪಟ್ಟು ಮಾಡಿದರೂ ಈ ಸೋಲು ತಪ್ಪುವುದಿಲ್ಲ. ಅದೇ ಲೇಪವನ್ನು ಶಾಖೋಪಚಾರದಿಂದ ಗಡಸಾಗಿಸಿದ 17-4 ಎಂಬ ಸ್ಟೇನ್‌ಲೆಸ್ ಉಕ್ಕಿನ ಎರಕದ ತಲೆಗೆ ಹಾಕಿದರೆ ಹೆಚ್ಚು ಕಾಲ ನಿಲ್ಲುತ್ತದೆ, ಏಕೆಂದರೆ ಆ ಉಕ್ಕು ಅಷ್ಟು ಸುಲಭವಾಗಿ ತಗ್ಗುವುದಿಲ್ಲ.

ಹಾಗಾದರೆ ಬುನಾದಿಯನ್ನೇ ಬದಲಿಸಬಹುದೇ? 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಅಡಾಲ್ಫ್ ಫ್ರೈ ಬೆಳೆಸಿದ ನೈಟ್ರೈಡಿಂಗ್ ವಿದ್ಯೆ ಮಾಡುವುದು ಅದನ್ನೇ. ಅದರ ಇಂದಿನ ಒಂದು ರೂಪದಲ್ಲಿ ಉಕ್ಕಿನ ತಲೆಯನ್ನು ಸುಮಾರು 580 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸಯನೇಟ್ ಲವಣದಲ್ಲಿ ಅದ್ದಿಡುತ್ತಾರೆ. ಕಬ್ಬಿಣದ ಪರಮಾಣುವಿಗಿಂತ ಚಿಕ್ಕದಾದ ಸಾರಜನಕದ ಪರಮಾಣುಗಳು ಉಕ್ಕಿನ ಜಾಲರಿಯ ಸಂದುಗಳಲ್ಲಿ ಒಳಕ್ಕೆ ನುಸುಳುತ್ತವೆ. ಹೊರಗಿನ ಹತ್ತಿಪ್ಪತ್ತು ಮೈಕ್ರಾನ್ ಕಬ್ಬಿಣದ ನೈಟ್ರೈಡ್ ಆಗಿಯೇ ಮಾರ್ಪಡುತ್ತದೆ, ಅದರ ಕೆಳಗೆ ಸಾರಜನಕದ ಪ್ರಮಾಣ ಇಳಿಯುತ್ತ ಇಳಿಯುತ್ತ ಬಹಳ ಆಳದವರೆಗೆ ಹಬ್ಬಿರುತ್ತದೆ. ಲೇಪ ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಹಾಗಾಗಿ ಚಕ್ಕೆಯಾಗಿ ಏಳುವ ಪ್ರಶ್ನೆಯೂ ಬಹುಮಟ್ಟಿಗೆ ಇಲ್ಲ. ಆಮೇಲೆ ಉತ್ಕರ್ಷಕ ಲವಣದಲ್ಲಿ ತಣಿಸಿ, ಪಾಲಿಶ್ ಮಾಡಿ, ಮತ್ತೊಮ್ಮೆ ಅದ್ದಿದರೆ ಮೈಮೇಲೆ ಮ್ಯಾಗ್ನಟೈಟ್‌ನ ಗಾಢ ಕಪ್ಪು ನಿಲ್ಲುತ್ತದೆ. ಎಂಜಿನ್ ವಾಲ್ವ್‌ಗಳಿಗೂ ಬಂದೂಕಿನ ನಳಿಗೆಗಳಿಗೂ ಮಾಡುವ ಇದೇ ಉಪಚಾರ ಗಾಲ್ಫ್ ಜಗತ್ತಿನಲ್ಲಿ ಕ್ಯೂಪಿಕ್ಯೂ (ಕ್ವೆಂಚ್-ಪಾಲಿಶ್-ಕ್ವೆಂಚ್) ಎಂದು ಪ್ರಸಿದ್ಧ.

ಇದಕ್ಕೂ ಮಿತಿಗಳಿವೆ. ಬರಿಯ ಇಂಗಾಲದ ಉಕ್ಕು ಮಿಶ್ರಲೋಹದ ಉಕ್ಕಿನಷ್ಟು ಗಡಸಾಗುವುದಿಲ್ಲ, ಏಕೆಂದರೆ ಅತಿ ಗಡಸಾದ ನೈಟ್ರೈಡ್‌ಗಳನ್ನು ಕಟ್ಟುವ ಕ್ರೋಮಿಯಂ, ಅಲ್ಯೂಮಿನಿಯಂ ಅದರಲ್ಲಿಲ್ಲ. ಸ್ಟೇನ್‌ಲೆಸ್ ತಲೆಯಲ್ಲಾದರೆ ಸಾರಜನಕ ಕ್ರೋಮಿಯಂ ಅನ್ನು ಹಿಡಿದಿಟ್ಟುಕೊಂಡು ತುಕ್ಕುನಿರೋಧಕ ಗುಣವನ್ನೇ ಕುಗ್ಗಿಸುತ್ತದೆ. ಹಳೆಯ ಲೇಪದ ತಾಮ್ರ ಎಲ್ಲಾದರೂ ಉಳಿದಿದ್ದರೆ ಆ ಜಾಗಕ್ಕೆ ಸಾರಜನಕ ಇಳಿಯುವುದೇ ಇಲ್ಲ. ಸಾರಜನಕ ತಾಕಬಾರದ ಭಾಗಗಳಿಗೆ ಕಾರ್ಖಾನೆಗಳಲ್ಲಿ ಬೇಕೆಂದೇ ತಾಮ್ರ ಹಚ್ಚುವ ರೂಢಿಯಿದೆ. ಒಳಗೆ ಪಾಲಿಮರ್ ತುಂಬಿದ ಟೊಳ್ಳು ತಲೆಗಳನ್ನಂತೂ ಈ ಶಾಖದ ಹತ್ತಿರ ಒಯ್ಯಲೇಬಾರದು.

ಉಕ್ಕನ್ನು ಜ್ವಾಲೆಯಲ್ಲಿ ಕಾಯಿಸಿ ಹೊಂಬಣ್ಣ, ನೇರಳೆ, ನೀಲಿ ತರಿಸುವುದನ್ನೂ ಬಾಳಿಕೆಯ ಲೇಪವೆಂದು ಮಾರುವುದುಂಟು. ಅಲ್ಲಿ ಬಣ್ಣವೆಂಬ ವಸ್ತುವೇ ಇಲ್ಲ. ಮೈಕ್ರಾನಿನ ಹತ್ತನೇ ಒಂದು ಭಾಗಕ್ಕೂ ತೆಳುವಾದ ಆಕ್ಸೈಡ್ ಪೊರೆಯ ಮೇಲ್ಭಾಗದಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಅಳಿಸುತ್ತವೆ, ಕೆಲವನ್ನು ಉಳಿಸುತ್ತವೆ. ನೋಡಲು ಬಲು ಚೆಂದ, ನಿಜ. ಆದರೆ ಪೊರೆ ಸವೆದಲ್ಲಿ ಬಣ್ಣವಿಲ್ಲ, ಮತ್ತು ಅಷ್ಟು ತೆಳು ಪೊರೆ ಬಂಕರ್‌ನಲ್ಲಿ ಉಳಿಯುವುದಿಲ್ಲ.

ಲೇಪ ಬದಲಾದರೆ ಹೊಡೆತದ ಅನುಭವ ಮೃದುವಾಗುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. ಚೆಂಡು ಮುಖಕ್ಕೆ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆ ಕ್ಷಣದಲ್ಲಿ ಕಂಪಿಸುವುದು ಹಲವು ಮಿಲಿಮೀಟರ್ ದಪ್ಪದ ಉಕ್ಕು. ಅದರ ಮೇಲಿನ ಮೂರು ಮೈಕ್ರಾನ್ ಆ ಕಂಪನದ ಸ್ವರವನ್ನು ಬೆರಳಿಗಾಗಲಿ ಕಿವಿಗಾಗಲಿ ತಿಳಿಯುವಷ್ಟು ಬದಲಿಸಲಾರದು. ಉಜ್ಜಿದ್ದರಿಂದ ತೂಕ ಬದಲಾಗಿದ್ದರೆ, ಶಾಫ್ಟನ್ನು ಬಿಚ್ಚಿ ಮತ್ತೆ ಅಂಟಿಸಿದ್ದರೆ, ಹೊಸ ಹಿಡಿಕೆ ಹಾಕಿದ್ದರೆ ಅನುಭವ ಬದಲಾಗಬಹುದು, ಮತ್ತು ಆ ಶ್ರೇಯಸ್ಸು ಬಣ್ಣದ ಪಾಲಾಗುತ್ತದೆ. ತುಕ್ಕು ಹಿಡಿದ ವೆಜ್ ಚೆಂಡನ್ನು ಹೆಚ್ಚು ತಿರುಗಿಸುತ್ತದೆ ಎಂಬ ಮಾತೂ ಇಂಥದ್ದೇ. ತುಕ್ಕು ಉಕ್ಕಿಗೆ ಅಂಟಿಕೊಳ್ಳದ ಸಡಿಲ ಪುಡಿ. ಚೆಂಡಿಗೆ ಹಿಡಿತ ಕೊಡುವುದು ಗ್ರೂವ್‌ಗಳು, ಅವುಗಳ ನಡುವಿನ ಸ್ವಚ್ಛ ಉಕ್ಕು ಮತ್ತು ಒಣ ಮುಖ.

ಮೆದು ಉಕ್ಕಿನ ತಲೆಗೆ ನನ್ನ ಆಯ್ಕೆ ನೈಟ್ರೈಡಿಂಗ್. ಕಪ್ಪಲ್ಲದೆ ಬೇರೆ ಬಣ್ಣ ಬೇಕೆನ್ನುವವರಿಗೆ ಅಚ್ಚುಗಳ ಕಾರ್ಖಾನೆಗಳು ಹಿಡಿದಿರುವ ಜೋಡಿ ಉಪಚಾರವಿದೆ. ಮೊದಲು ಸಾರಜನಕದಿಂದ ಉಕ್ಕನ್ನು ಆಳದವರೆಗೆ ಗಡಸುಮಾಡಿ, ಮೇಲ್ಮೈಯನ್ನು ಪಾಲಿಶ್ ಮಾಡಿ ಶುಚಿಗೊಳಿಸಿ, ಅದರ ಮೇಲೆ ಪಿವಿಡಿ ಲೇಪ ಕೂರಿಸುವುದು. ಖರ್ಚು ಎರಡು ಕೆಲಸದ್ದು. ಅದಕ್ಕೆ ಪ್ರತಿಯಾಗಿ ಲೇಪಕ್ಕೆ ಕುಸಿಯದ ನೆಲ ಸಿಗುತ್ತದೆ. ಹೀಗಿದ್ದರೂ ಹೆಚ್ಚು ಬಳಸುವ ವೆಜ್‌ನ ತಳದಲ್ಲಿ ಬಣ್ಣ ಮೊದಲು ಹೋಗುವುದು ಖಚಿತ, ತಲೆಯ ಬೆನ್ನಿನಲ್ಲಿ ಮಾತ್ರ ಅದು ಕ್ಲಬ್ ಇರುವವರೆಗೂ ಉಳಿಯಬಹುದು.